ಸೇವಾಸಂಘದ ಸಂವತ್ಸರ

1905ನೆಯ ಇಸವಿಯಲ್ಲಿ, ಪ್ರಪಂಚದ ಎರಡು ದೂರದೂರದ ಊರುಗಳಲ್ಲಿ, ಒಂದನ್ನೊಂದು ಅರಿಯದ ಎರಡು ಸಂಘಗಳು ಹುಟ್ಟಿದುವು. ಫೆಬ್ರವರಿ 23ರಂದು ಅಮೆರಿಕಾದ ಚಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಮಿತ್ರರೊಡನೆ ಕಲೆತು ರೋಟರಿ ಸಂಘಕ್ಕೆ ಅಂಕುರಾರ್ಪಣ ಮಾಡಿದರು. ಜೂನ್ 12ರಂದು ಪುಣೆಯಲ್ಲಿ ಗೋಪಾಲಕೃಷ್ಣ ಗೋಖಲೆಯವರು ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ಗೋಖಲೆಯವರು ತಮ್ಮ ಸಮಾಜಕ್ಕೆ ಸೇರಬಂದವನಿಂದ ಕೇಳಿದುದು ಅವನ ಇಡೀ ಆಯುಸ್ಸನ್ನು. ಐದು ವರ್ಷಗಳ ಶಿಕ್ಷಣ, ಅನಂತರ ಜೀವಮಾನದ ಸೇವೆ. ಚಿಕಾಗೋದ ಸಂಘ ಕೇಳಿದುದಾದರೋ ವಾರಕ್ಕೊಂದು ಭೇಟಿಯನ್ನು. ಅಧ್ಯಕ್ಷನಾದವನಿಂದ ಒಂದೇ ಒಂದು ವರ್ಷವನ್ನು. ಗೋಖಲೆಯವರ ಆದರ್ಶವು ಉನ್ನತವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಂಸಾರ, ವ್ಯಾಪಾರ, ಸಾಲಸೋಲಗಳನ್ನು ಕಟ್ಟಿಕೊಂಡ ತಾಲ್ಲೂಕು ಪಟ್ಟಣದ ಗೃಹಸ್ಥನಿಗೆ ಎಟುಕುವಂತಿದ್ದುದು ಎರಡನೆಯ ದಾರಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂತಹ ಊರುಗಳು ಇಂದು ಕಾಣುತ್ತಿರುವುದು ಈ ಎರಡನೆಯ ಬಗೆಯ ಸೇವೆಯನ್ನೇ.

ಸದಸ್ಯರ ಕಛೇರಿಗಳಲ್ಲಿ ಸರದಿಯಾಗಿ ಸಭೆ ಸೇರುತ್ತಿದ್ದುದರಿಂದ ರೋಟರಿ ಎಂಬ ಹೆಸರು ಬಂದಿತು. ಮೊದಲು ಅದು ಸ್ನೇಹಕ್ಕಾಗಿಯೂ ವ್ಯವಹಾರದ ಅನುಕೂಲಕ್ಕಾಗಿಯೂ ಹುಟ್ಟಿದ ಕೂಟ, ಪರೋಪಕಾರವು ಆಮೇಲಿನದು. ಆ ಸಂಘವು ಮೊದಮೊದಲು ಕೈಹಾಕಿದ ಲೋಕೋಪಕಾರಗಳಲ್ಲಿ ಒಂದು ಯಾವುದೆಂದರೆ, ಚಿಕಾಗೋದಲ್ಲಿ ಸಾರ್ವಜನಿಕ ಶೌಚಾಲಯವಾಗಬೇಕೆಂದು ಪಟ್ಟುಹಿಡಿದುದು. ಫಲಕಕ್ಕೂ ಭಾವಚಿತ್ರಕ್ಕೂ ಅಷ್ಟಾಗಿ ಒಗ್ಗದ ಕೆಲಸವದು, ಆದಕಾರಣವೇ ನೆನೆಯತಕ್ಕದ್ದು. 1917ರಲ್ಲಿ ಅದೇ ನಗರದಲ್ಲಿ ಮೆಲ್ವಿನ್ ಜೋನ್ಸ್ ಎಂಬ ವಿಮಾ ವ್ಯಾಪಾರಿಯ ಪ್ರಯತ್ನದಿಂದ ಲಯನ್ಸ್ ಸಂಸ್ಥೆಯು ಹುಟ್ಟಿತು. ರೋಟರಿಯು ಕಲ್ಕತ್ತೆಗೆ 1920ರಲ್ಲಿ, ಬೆಂಗಳೂರಿಗೆ 1934ರಲ್ಲಿ ಬಂದಿತು. ಲಯನ್ಸ್ 1956ರಲ್ಲಿ ಬೊಂಬಾಯಿಗೆ ಕಾಲಿಟ್ಟಿತು. ದೊಡ್ಡ ನಗರಗಳ ಹೋಟೆಲುಗಳಿಂದ ತಾಲ್ಲೂಕು ಪಟ್ಟಣಗಳ ಕಲ್ಯಾಣಮಂಟಪಗಳಿಗೆ ಇವು ಇಳಿದುಬರುವುದಕ್ಕೆ ಇನ್ನೂ ಕೆಲವು ದಶಕಗಳು ಹಿಡಿದುವು.

ಇವುಗಳ ವರ್ಷವು ಯುಗಾದಿಗೂ ಮೊದಲಾಗುವುದಿಲ್ಲ, ಜನವರಿಗೂ ಇಲ್ಲ. ಜುಲೈ 1ಕ್ಕೆ ಮೊದಲಾಗಿ ಜೂನ್ 30ಕ್ಕೆ ಮುಗಿಯುವುದು. ಅಮೆರಿಕಾದ ಲೆಕ್ಕಪತ್ರಗಳ ಸೌಕರ್ಯಕ್ಕಾಗಿ ಏರ್ಪಟ್ಟ ಈ ಗಡುವು ನಮ್ಮ ಸೀಮೆಯಲ್ಲಿ ಮಳೆಗಾಲದೊಡನೆ ಬಂದು ಸೇರಿತು. ಜುಲೈ ತಿಂಗಳೆಂದರೆ ಹೊನ್ನಾಳಿಯಲ್ಲಿ ತುಂಗಭದ್ರೆಯು ಕೆಂಪಾಗಿ ಏರುವ ಕಾಲ, ತಗ್ಗಿನ ಮನೆಯವರು ಹೊಳೆಯನ್ನು ನೋಡಿಕೊಂಡು ಮಲಗುವ ಕಾಲ. ಚನ್ನಗಿರಿಯ ಅಡಕೆ ತೋಟಗಳಲ್ಲಿ ಕೊಳೆರೋಗದ ಭಯ; ಭದ್ರಾ ನಾಲೆಯ ಬಯಲಿನಲ್ಲಿ ನಾಟಿಯ ಸಿದ್ಧತೆ. ಜಗಳೂರಿನಲ್ಲಿ ಮಾತ್ರ ರೈತನು ಇನ್ನೂ ಆಕಾಶವನ್ನು ನೋಡುತ್ತಿರುವನು. ಇಂತಹ ದಿನಗಳ ಒಂದು ಸಂಜೆ ಹೊಸ ಅಧ್ಯಕ್ಷರ ಪದಗ್ರಹಣವು ನಡೆಯುವುದು. ಹಳೆಯವರ ಕೊರಳಿನ ಹಾರಪದಕವು ಹೊಸಬರ ಕೊರಳಿಗೆ ಬರುವುದು. ಗಂಟೆ, ಸುತ್ತಿಗೆಗಳು ಕೈ ಬದಲಾಯಿಸುವುವು. ಅಡಕೆ ಮಂಡಿಯ ವರ್ತಕರು, ವೈದ್ಯರು, ವಕೀಲರು, ಔಷಧದಂಗಡಿಯವರು, ನಿವೃತ್ತ ಉಪಾಧ್ಯಾಯರು, ವರ್ಗವಾಗಿ ಬಂದಿರುವ ಬ್ಯಾಂಕಿನ ಮ್ಯಾನೇಜರರು ಒಂದೇ ಪಂಕ್ತಿಯಲ್ಲಿ ಕುಳಿತಿರುವರು. ಜಾತಿಯನ್ನು ಕೇಳದೆ ಕಸುಬನ್ನು ಕೇಳಿ ಸೇರಿಸಿಕೊಳ್ಳುವ ಸಂಘವು ಸಣ್ಣ ಊರಿನಲ್ಲಿ ಇದ್ದುದೇ ಒಂದು ವಿಶೇಷವೆನ್ನಬಹುದು. ಹೆಂಗಸರ ಮಾತು ಬೇರೆ. ಲಯನ್ಸ್ ಸಂಸ್ಥೆಯು 1987ರಲ್ಲಿ, ರೋಟರಿಯು 1989ರಲ್ಲಿ ಅವರಿಗೆ ಸದಸ್ಯತ್ವದ ಬಾಗಿಲನ್ನು ತೆರೆದುವು. ಅಲ್ಲಿಯವರೆಗೆ ಅವರು ಈ ಸಭೆಗಳಲ್ಲಿ ಅತಿಥಿಗಳು ಮಾತ್ರ.

ಹೊಸ ವರ್ಷದ ಮೊದಲ ಕಾರ್ಯಗಳು ಸಸಿ ನೆಡುವುದು, ಮಕ್ಕಳಿಗೆ ಬರೆಯುವ ಪುಸ್ತಕಗಳನ್ನು ಹಂಚುವುದು. ಸ್ವಾತಂತ್ರ್ಯದಿನ, ಸೆಪ್ಟೆಂಬರ್ 5ರ ಉಪಾಧ್ಯಾಯರ ಸನ್ಮಾನ, ಗಾಂಧಿಜಯಂತಿ ಇವೆಲ್ಲ ಬೇಗಬೇಗನೆ ಕಳೆಯುವುವು. ವರ್ಷದ ತಿರುಳು ಇರುವುದು ಸುಗ್ಗಿಯ ಆಚೆಗೆ, ಚಳಿಗಾಲದ ನೇತ್ರಶಿಬಿರದಲ್ಲಿ.

1925ರ ಜೂನ್ 30ರಂದು, ಕಣ್ಣು ಕಿವಿ ಎರಡೂ ಇಲ್ಲದ ಹೆಲೆನ್ ಕೆಲರ್ ಮಹಿಳೆಯು ಅಮೆರಿಕಾದ ಸೀಡರ್ ಪಾಯಿಂಟ್ ಎಂಬಲ್ಲಿ ಲಯನ್ಸ್ ಮಹಾಸಭೆಯೆದುರು ನಿಂತು, ಅಂಧರ ಪಕ್ಷವನ್ನು ವಹಿಸಬೇಕೆಂದು ಅವರನ್ನು ಬೇಡಿದಳು. ಆ ಬೇಡಿಕೆಯ ಫಲವು ಸಾವಿರಾರು ಮೈಲಿ ದಾಟಿ ನಮ್ಮ ಹಳ್ಳಿಗಳ ಮುದುಕರ ಕಣ್ಣಿಗೆ ತಲಪಿತು. ಕನ್ನಡನಾಡಿನಲ್ಲಿ ಈ ದಾರಿಯನ್ನು ತೋರಿಸಿದ್ದವರು ಬಿಜಾಪುರ ಸೀಮೆಯ ಡಾಕ್ಟರ್ ಎಂ. ಸಿ. ಮೋದಿಯವರು. ರೋಗಿಯು ಆಸ್ಪತ್ರೆಗೆ ಬಾರದಿದ್ದರೆ ಆಸ್ಪತ್ರೆಯೇ ರೋಗಿಯ ಊರಿಗೆ ಹೋಗಬೇಕೆಂಬುದು ಅವರ ಬಾಳಿನ ಪದ್ಧತಿಯಾಗಿತ್ತು. ಶಿಬಿರವು ಚಳಿಗಾಲದಲ್ಲಿಯೇ ಏಕೆ? ಕಣದ ಕೆಲಸ ಮುಗಿದು ಮನೆಯವರಿಗೆ ಬಿಡುವಿರುತ್ತಿದ್ದಿತು. ಸೆಕೆಯೂ ಬೆವರೂ ಕಡಮೆಯಾಗಿ ಗಾಯಕ್ಕೆ ಹಿತವೆಂಬ ನಂಬಿಕೆಯೂ ಇದ್ದಿತು. ಅಂದಿನ ಚಿಕಿತ್ಸೆಯಲ್ಲಿ ಪೊರೆಗಟ್ಟಿದ ಮಸೂರವನ್ನು ಇಡಿಯಾಗಿ ತೆಗೆದು, ಕಣ್ಣಿಗೆ ಪಟ್ಟಿ ಕಟ್ಟಿ, ಕೆಲವು ದಿನ ಅಲುಗದಂತೆ ಮಲಗಿಸಿ, ಕೊನೆಗೆ ದಪ್ಪ ಗಾಜಿನ ಕನ್ನಡಕವನ್ನು ಕೊಡುತ್ತಿದ್ದರು. ಶಾಲೆಯ ಕೋಣೆಗಳೇ ವಾರ್ಡುಗಳು. ರೋಗಿಗೂ ಅವನ ಜತೆಗೆ ಬಂದವರಿಗೂ ಊಟ ಬಡಿಸುವುದು ಸಂಘದ ಪಾಲಿನ ಕೆಲಸ. ಈಗ ಮಸೂರವನ್ನು ಕಣ್ಣಿನೊಳಗೇ ಇಡುವರು. ಊರಿನಲ್ಲಿ ಪರೀಕ್ಷೆ ಮಾತ್ರ ನಡೆದು, ಶಸ್ತ್ರಚಿಕಿತ್ಸೆಗೆ ದಾವಣಗೆರೆಗೋ ಶಿವಮೊಗ್ಗೆಗೋ ಬಸ್ಸಿನಲ್ಲಿ ಕರೆದೊಯ್ಯುವರು. ಇದರಿಂದ ಅಪಾಯವು ತಗ್ಗಿತು. ಆದರೆ ಪಟ್ಟಿ ಬಿಚ್ಚಿದ ಮುದುಕಿಯು ಮೊಮ್ಮಗನ ಮುಖವನ್ನು ತಡವಿ ನೋಡುವುದನ್ನು ಊರವರೇ ನಿಂತು ಕಾಣುತ್ತಿದ್ದ ಸಂದರ್ಭವೂ ಅದರೊಡನೆ ಹೋಯಿತು.

ಬೇಸಗೆಯಲ್ಲಿ ಬಸ್ ನಿಲ್ದಾಣದ ಅರವಟ್ಟಿಗೆ. ಮೇ ಜೂನುಗಳಲ್ಲಿ ವರದಿ, ಲೆಕ್ಕ, ಬಹುಮಾನ. ಇಲ್ಲಿಯೇ ಈ ಪದ್ಧತಿಯ ಊನವು ಹೊರಬೀಳುವುದು. ಜುಲೈಯಲ್ಲಿ ನೆಟ್ಟ ಸಸಿಗಳ ಸಂಖ್ಯೆಯು ವರದಿಯಲ್ಲಿ ಸೇರುವುದು. ಮಾರ್ಚಿಯಲ್ಲಿ ಅವಕ್ಕೆ ನೀರೆರೆದವರಾರೆಂಬುದು ಸೇರುವುದಿಲ್ಲ. ಚನ್ನಗಿರಿಯ ಕಡೆ ಮರೆತ ಸಸಿಯೂ ಒಮ್ಮೊಮ್ಮೆ ಬದುಕೀತು. ಜಗಳೂರಿನ ಕೆಂಡದಂತಹ ನೆಲದಲ್ಲಿ ಎರಡು ಬೇಸಗೆಗಳನ್ನಾದರೂ ಕೊಡದಿಂದ ಕಳೆಯಿಸದೆ ಗಿಡವು ಮರವಾಗುವುದಿಲ್ಲ. ಎರಡನೆಯ ಬೇಸಗೆಯು ಯಾವಾಗಲೂ ಮತ್ತೊಬ್ಬ ಅಧ್ಯಕ್ಷರದು. ಪ್ರತಿಯೊಬ್ಬರಿಗೂ ತಮ್ಮದೇ ಹೊಸ ಯೋಜನೆ ಬೇಕೆನ್ನಿಸುವುದು ಮನುಷ್ಯಸ್ವಭಾವ. ಹಿಂದಿನವರ ಗುಂಡಿಯಲ್ಲಿಯೇ ಮತ್ತೊಮ್ಮೆ ಸಸಿ ನೆಡುವುದೂ ಉಂಟೆಂದು ಊರವರು ನಗುವರು.

ನಮ್ಮ ಪೂರ್ವಿಕರು ಈ ತೊಡಕನ್ನು ಅರಿಯದವರಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯು, ಎಂದರೆ ಶಾಂತಿಸಾಗರವು, ಹರಿದ್ರಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಕಟ್ಟಿದ ಏರಿಯಿಂದ ಶತಮಾನಗಳ ಕಾಲ ನಿಂತಿದೆ. ಕಟ್ಟಿಸಿದವಳ ಕಥೆಯನ್ನು ಜನರು ಹೇಳುವರು. ಆದರೆ ಕೆರೆಗಳು ಉಳಿದುದು ಕಟ್ಟಿಸಿದವರೊಬ್ಬರಿಂದಲೇ ಅಲ್ಲ. ಕನ್ನಡ ಶಾಸನಗಳಲ್ಲಿ ಬಿತ್ತುವಟ್ಟ, ಕೆರೆಗೊಡಗೆ ಎಂಬ ಮಾತುಗಳು ಮೇಲಿಂದ ಮೇಲೆ ಬರುವುವು. ಕೆರೆಯ ಕೆಳಗಣ ಗದ್ದೆಯ ಉತ್ಪನ್ನದಲ್ಲಿ ಒಂದು ಪಾಲನ್ನು, ಅಥವಾ ಭೂಮಿಯನ್ನೇ, ಕೆರೆಯ ಜೀರ್ಣೋದ್ಧಾರಕ್ಕೆಂದು ಬಿಡುತ್ತಿದ್ದರು. ಹೂಳು ಹೊರುವ ಬಂಡಿಗೂ ಎತ್ತಿಗೂ ದತ್ತಿಯಿರುತ್ತಿತ್ತು. ಧರ್ಮವನ್ನು ಅಳಿದವನಿಗೆ ಶಾಪವನ್ನು ಕಲ್ಲಿನಲ್ಲಿ ಕೊರೆಯಿಸುತ್ತಿದ್ದರು. ದಾನಿಯು ಸತ್ತ ಮೇಲೆಯೂ ಕೆಲಸವು ಸಾಯದಂತೆ ಮಾಡಿದ ಏರ್ಪಾಡದು.

ಈ ಸಂಘಗಳ ಚರಿತ್ರೆಯಲ್ಲಿಯೂ ಅಂತಹ ಒಂದು ಪ್ರಸಂಗವುಂಟು. ಪೋಲಿಯೋ ರೋಗವನ್ನು ಲೋಕದಿಂದಲೇ ತೊಲಗಿಸುವ ಕಾರ್ಯವನ್ನು ರೋಟರಿಯು 1985ರಲ್ಲಿ ಕೈಗೊಂಡಿತು. ಭಾರತಾದ್ಯಂತ ಪಲ್ಸ್ ಪೋಲಿಯೋ ದಿನಗಳು 1995ರಲ್ಲಿ ಮೊದಲಾದುವು. ಆರೋಗ್ಯ ಇಲಾಖೆಯ ಕಾರ್ಯಕರ್ತೆಯರು, ಅಂಗನವಾಡಿಯವರು ಬೂತಿನಲ್ಲಿ ಕುಳಿತು ಹನಿ ಹಾಕಿದರೆ, ಸಂಘದವರು ಪೆಂಡಾಲು, ವಾಹನ, ತಿಂಡಿ, ಧ್ವನಿವರ್ಧಕಗಳನ್ನು ಒದಗಿಸುವುದು ಅನೇಕ ಊರುಗಳಲ್ಲಿ ರೂಢಿಯಾಯಿತು. ಭಾರತದ ಕೊನೆಯ ಪೋಲಿಯೋ ಪ್ರಕರಣವು ಹೌರಾದಲ್ಲಿ 2011ರ ಜನವರಿ 13ರಂದು ಕಂಡುಬಂದಿತು. 2014ರ ಮಾರ್ಚ್ 27ರಂದು ದೇಶವು ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಈ ಅವಧಿಯ ನಡುವಿನಲ್ಲಿ, 1997ರ ಆಗಸ್ಟ್ 15ರಂದು, ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಿಂದಲೂ ಜಗಳೂರು ಚಿತ್ರದುರ್ಗದಿಂದಲೂ ದಾವಣಗೆರೆಗೆ ಸೇರಿದುವು; ನ್ಯಾಮತಿಯು ಇನ್ನೂ ಹೊನ್ನಾಳಿ ತಾಲ್ಲೂಕಿನ ಹೋಬಳಿ. ಜಿಲ್ಲೆಯ ಹೆಸರು ಬದಲಾಯಿತು, ಅಧ್ಯಕ್ಷರು ಪ್ರತಿ ಜುಲೈಯಲ್ಲಿಯೂ ಬದಲಾದರು, ಕೆಲಸವೊಂದು ಬದಲಾಗಲಿಲ್ಲ. ಇಲ್ಲಿ ಯಾವ ಅಧ್ಯಕ್ಷನೂ ಇದು ತನ್ನದೆಂದು ಹೇಳುವಂತಿರಲಿಲ್ಲ.

ಅದಕ್ಕೆ ಬೇಕಾದ ಹಣದ ಮೂಲವನ್ನು ಹುಡುಕಿದರೆ ಬಿತ್ತುವಟ್ಟದ ನೆನಪಾಗದಿರದು. 1917ರಲ್ಲಿ ಆರ್ಚ್ ಕ್ಲಂಫ್ ಎಂಬ ರೋಟರಿ ಅಧ್ಯಕ್ಷರು, ಲೋಕೋಪಕಾರಕ್ಕಾಗಿ ಒಂದು ಶಾಶ್ವತ ನಿಧಿಯಿರಬೇಕೆಂದು ಸೂಚಿಸಿದರು. ಅವರ ಅಧ್ಯಕ್ಷತೆಯ ವರ್ಷವು ಆಗಲೇ ಮುಗಿಯುತ್ತಿದ್ದಿತು. ಆ ನಿಧಿಗೆ ಮೊದಲು ಬಂದ ಕಾಣಿಕೆಯು ಕಾನ್ಸಾಸ್ ಸಿಟಿಯ ಸಂಘದಿಂದ, 26 ಡಾಲರು 50 ಸೆಂಟು.