ಮಂತ್ರದ ಕತ್ತಿಯ ಬೆಲೆ

ಕಥೆಯಲ್ಲಿ ಬರುವ ಮಂತ್ರದ ಕತ್ತಿಯನ್ನು ವೀರನು ಅಂಗಡಿಯಲ್ಲಿ ಕೊಳ್ಳುವುದು ಅಪರೂಪ. ತಪಸ್ಸಿಗೆ ಮೆಚ್ಚಿ ದೇವರು ಕೊಡುತ್ತಾನೆ. ಇಲ್ಲವೆ ರಾಕ್ಷಸನನ್ನು ಕೊಂದ ಮೇಲೆ ಗುಹೆಯಲ್ಲಿ ದೊರೆಯುತ್ತದೆ. ಕರ್ಣನು ಕವಚಕುಂಡಲಗಳನ್ನು ಇಂದ್ರನಿಗೆ ಕೊಟ್ಟು ಶಕ್ತ್ಯಾಯುಧವನ್ನು ಪಡೆದದ್ದುಂಟು. ಅದು ವಿನಿಮಯವೇ ಸರಿ. ಆದರೆ ಅಲ್ಲಿ ತಕ್ಕಡಿಯಾಗಲಿ ಹಣದ ಚೀಲವಾಗಲಿ ಕಾಣಿಸುವುದಿಲ್ಲ. ದಿವ್ಯವಾದುದಕ್ಕೆ ಬೆಲೆ ಕಟ್ಟಬಾರದೆಂಬುದು ಕವಿಗಳ ಹಳೆಯ ಕಟ್ಟಳೆ.

ಈ ಕಟ್ಟಳೆಯನ್ನು ಮೀರಿ ಮಂತ್ರವಸ್ತುಗಳಿಗೆ ದರಪಟ್ಟಿಯನ್ನೇ ಅಚ್ಚುಹಾಕಿಸಿದ ಒಂದು ಆಟ ಅಮೆರಿಕದಲ್ಲಿದೆ. ಕಾವ್ಯವನ್ನು ಪಾಠ ಹೇಳುವ ನನಗೆ ಆ ಆಟದ ನಿಯಮಗ್ರಂಥಗಳಲ್ಲೇನು ಕೆಲಸವೆಂದು ಓದುಗರು ಕೇಳಿಯಾರು. ಅವುಗಳನ್ನು ಒಂದರ ಹಿಂದೊಂದರಂತೆ ನೋಡುತ್ತ ಹೋದಾಗ, ಐವತ್ತು ವರ್ಷಗಳಿಂದ ನಡೆದುಬಂದಿರುವ ಒಂದು ವಾದ ನನಗೆ ಕಂಡಿತು. ಅದ್ಭುತಕ್ಕೆ ಬೆಲೆ ಕಟ್ಟಬಹುದೆ? ಕಟ್ಟಿದರೆ ಅದು ಅದ್ಭುತವಾಗಿ ಉಳಿದೀತೆ? ಇದು ಕಾವ್ಯದ ಪ್ರಶ್ನೆಯೂ ಹೌದಷ್ಟೆ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಇದು 1974ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಿತ್ತು. ಒಂದು ಪೆಟ್ಟಿಗೆ, ಅದರೊಳಗೆ ಮೂರು ಕಿರುಪುಸ್ತಕಗಳು. ಬೆಲೆ 10 ಡಾಲರು. ಮೊದಲ ಮುದ್ರಣ 1000 ಪ್ರತಿ. ಆಡುವ ಕ್ರಮ ಸರಳವಾದುದು. ನಾಲ್ಕೈದು ಮಂದಿ ಮೇಜಿನ ಸುತ್ತ ಕೂಡುತ್ತಾರೆ. ಒಬ್ಬ ಸೂತ್ರಧಾರ, ಉಳಿದವರು ಒಬ್ಬೊಬ್ಬ ವೀರನ, ಮಾಂತ್ರಿಕನ ಅಥವಾ ಕಳ್ಳನ ಪಾತ್ರ ವಹಿಸುತ್ತಾರೆ. ಎದುರಿಗಿರುವ ಗುಹೆ ಎಂಥದೆಂದು ಸೂತ್ರಧಾರ ಬಣ್ಣಿಸುತ್ತಾನೆ. ತಾವು ಏನು ಮಾಡುವೆವೆಂದು ಪಾತ್ರಧಾರಿಗಳು ಹೇಳುತ್ತಾರೆ. ಗೆದ್ದರೋ ಸೋತರೋ ಎಂಬುದನ್ನು ದಾಳ ನಿರ್ಧರಿಸುತ್ತದೆ. ಬಯಲಾಟದಲ್ಲಿ ಪಗಡೆಯೂ ಸೇರಿಕೊಂಡರೆ ಹೇಗೋ ಹಾಗೆನ್ನಬಹುದು.

ಆ ಮೊದಲ ಪುಸ್ತಕಗಳಲ್ಲಿಯೂ ಒಂದು ಬೆಲೆಪಟ್ಟಿಯಿತ್ತು. ಅಲ್ಲಿಯ ಚಿನ್ನದ ನಾಣ್ಯವನ್ನು ನಾವು ಹೊನ್ನು ಎಂದು ಕರೆಯೋಣ. ಸಾಧಾರಣ ಕತ್ತಿಗೆ 10 ಹೊನ್ನು, ಐವತ್ತು ಅಡಿ ಹಗ್ಗಕ್ಕೆ 1 ಹೊನ್ನು, ಒಂದು ಕುಪ್ಪಿ ಪವಿತ್ರ ಜಲಕ್ಕೆ 25 ಹೊನ್ನು. ಮಂತ್ರದ ಕತ್ತಿ ಮಾತ್ರ ಆ ಪಟ್ಟಿಯಲ್ಲಿರಲಿಲ್ಲ. ಅದನ್ನು ಗುಹೆಯಲ್ಲಿಯೇ ಗಳಿಸಬೇಕಾಗಿತ್ತು. ಆದರೆ ಮುಂದಿನ ಗೊಂದಲದ ಬೀಜ ಅಲ್ಲಿಯೇ ಬೇರೊಂದು ಕಡೆ ಬಿದ್ದಿತ್ತು. ವೀರನು ಗುಹೆಯಿಂದ ಹೊತ್ತು ತಂದ ಪ್ರತಿಯೊಂದು ಹೊನ್ನಿಗೂ ಒಂದು ಅನುಭವದ ಅಂಕವುಂಟೆಂದು ನಿಯಮ. ಅಂಕ ಹೆಚ್ಚಿದಂತೆ ವೀರನೂ ಬೆಳೆಯುತ್ತಾನೆ. ಹೀಗಾಗಿ ಪ್ರತಿಯೊಬ್ಬ ವೀರನ ಕೈಯಲ್ಲೂ ಸಾವಿರಾರು ಹೊನ್ನು ಸೇರತೊಡಗಿತು. ಹಗ್ಗ, ಕುದುರೆ, ಕವಚಗಳನ್ನು ಕೊಂಡ ಮೇಲೆ ಉಳಿದ ಹಣವನ್ನು ಏನು ಮಾಡುವುದು?

1979ರಲ್ಲಿ ಗೈಗ್ಯಾಕ್ಸ್ ಸೂತ್ರಧಾರರಿಗಾಗಿ ಬರೆದ ದೊಡ್ಡ ಕೈಪಿಡಿ ಬಂತು. ಅದರಲ್ಲಿ ಮಂತ್ರವಸ್ತುಗಳ ಹೆಸರಿನ ಮುಂದೆ ಎರಡು ಅಂಕಣಗಳು: ಇಟ್ಟುಕೊಂಡರೆ ಬರುವ ಅನುಭವದ ಅಂಕ ಒಂದು, ಮಾರಿದರೆ ಬರುವ ಹೊನ್ನು ಇನ್ನೊಂದು. ಮಂತ್ರದ ಕತ್ತಿಗಳಲ್ಲಿ ತೀರ ಕೆಳಗಿನದನ್ನೇ ತೆಗೆದುಕೊಳ್ಳಿ. ಇಟ್ಟುಕೊಂಡವನಿಗೆ 400 ಅಂಕ. ಮಾರಿದವನಿಗೆ 2000 ಹೊನ್ನು, ಆ ಹೊನ್ನಿನಿಂದ 2000 ಅಂಕ. ಕತ್ತಿಯನ್ನು ಉಳಿಸಿಕೊಂಡವನು ಯುದ್ಧದಲ್ಲಿ ಬಲಶಾಲಿ. ಮಾರಿಕೊಂಡವನು ಐದು ಪಟ್ಟು ಬೇಗ ಬೆಳೆಯುವವನು. ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಸೊಗಸಾಗಿ ಕಾಣುವ ನಿಯಮ ಇದು. ಇಲ್ಲಿ ಬೆಲೆಯೆಂಬುದು ಬರಿಯ ಲೆಕ್ಕವಾಗದೆ ಒಂದು ಧರ್ಮಸಂಕಟವಾಗಿದೆ. ಆದರೆ ಅದು ಮಾರುವ ಬೆಲೆ, ಕೊಳ್ಳುವ ಬೆಲೆಯಲ್ಲ. ಒಬ್ಬನು ಮಾರಿದ ಮೇಲೆ ಇನ್ನೊಬ್ಬನು ಕೊಳ್ಳಲೇಬೇಕಲ್ಲ, ಆ ಅಂಗಡಿ ಎಲ್ಲಿದೆ ಎಂದು ಆಟಗಾರರು ಕೇಳದೆ ಬಿಟ್ಟಾರೆಯೆ?

ಕಥೆಗಾರರು ಇಂಥ ಅಂಗಡಿಯ ವಿಷಯದಲ್ಲಿ ಮೊದಲಿಂದಲೂ ಎಚ್ಚರಿಕೆಯ ಮಾತನ್ನೇ ಆಡಿದ್ದರು. 1891ರಲ್ಲಿ ಪ್ರಕಟವಾದ ಸ್ಟೀವನ್‌ಸನ್ನನ ಕಥೆಯೊಂದರಲ್ಲಿ ಕೇಳಿದ್ದನ್ನು ಕೊಡುವ ಭೂತವಿರುವ ಸೀಸೆಯೊಂದಿದೆ. ಅದನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕು. ಮಾರದೆ ಸತ್ತವನಿಗೆ ನರಕ. ಬೆಲೆ ಇಳಿಯುತ್ತ ಇಳಿಯುತ್ತ ಕಾಸಿಗೆ ಬಂದಾಗ ಓದುಗನ ಎದೆ ಹೊಡೆದುಕೊಳ್ಳುತ್ತದೆ. 1963ರ ಫ್ರಿಟ್ಸ್ ಲೈಬರನ ಕಥೆಯಲ್ಲಂತೂ ಮಾಯೆಯ ಅಂಗಡಿಯೇ ಇದೆ. ಹೊಳೆಯುವ ಅಲ್ಲಿಯ ಸರಕೆಲ್ಲ ನಿಜವಾಗಿ ಕಸ. ಲೈಬರನ ವೀರಕಥೆಗಳಿಗೆ ತಾನು ಋಣಿಯೆಂದು ಗೈಗ್ಯಾಕ್ಸನೇ ತನ್ನ ಕೈಪಿಡಿಯಲ್ಲಿ ಸೂಚಿಸಿದ್ದಾನೆ.

1989ರಲ್ಲಿ ಬಂದ ಎರಡನೆಯ ಆವೃತ್ತಿ ಕವಿಗಳ ಪಕ್ಷ ಹಿಡಿಯಿತು. ಹೊನ್ನಿಗೆ ಅಂಕ ಕೊಡುವ ನಿಯಮ ಐಚ್ಛಿಕವಾಯಿತು. ಮಾರಾಟದ ಅಂಕಣ ಮಾಯವಾಯಿತು. ಮಂತ್ರವಸ್ತುಗಳನ್ನು ಮಾರುವ ಅಂಗಡಿ ಏಕೆ ಇರಲಾರದೆಂದು ಕೈಪಿಡಿ ವಾದವನ್ನೇ ಹೂಡಿತು. ಆದರೆ ಗುಹೆಗಳಲ್ಲಿ ಹೊನ್ನಿಗೇನೂ ಬರವಿರಲಿಲ್ಲ. ಖರ್ಚಿನ ದಾರಿಯನ್ನು ಮುಚ್ಚಿ ವರಮಾನದ ದಾರಿಯನ್ನು ತೆರೆದಿಟ್ಟಂತಾಯಿತು.

1997ರಲ್ಲಿ ಈ ಆಟ ವಿಝರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಸಂಸ್ಥೆಯ ಕೈಸೇರಿತು. ಮಂತ್ರತಂತ್ರಗಳ ಚಿತ್ರವಿರುವ ಇಸ್ಪೀಟಿನಂಥ ಎಲೆಗಳನ್ನು ಮಾರಿಯೇ ಹಣ ಮಾಡಿದ ಸಂಸ್ಥೆ ಅದು. 2000ದಲ್ಲಿ ಅದು ಹೊರತಂದ ಮೂರನೆಯ ಆವೃತ್ತಿ ಸಂಕೋಚವನ್ನು ಬಿಟ್ಟು ಎಲ್ಲಕ್ಕೂ ಬೆಲೆ ಕಟ್ಟಿತು. ಕತ್ತಿಯ ಮಂತ್ರಬಲವನ್ನು ಅದರಿಂದಲೇ ಗುಣಿಸಿ, ಬಂದುದನ್ನು 2000ದಿಂದ ಗುಣಿಸಬೇಕು. ಬಲ ಒಂದಾದರೆ 2000, ಎರಡಾದರೆ 8000, ಐದಾದರೆ 50,000 ಹೊನ್ನು; ಮಾರಿದರೆ ಇದರ ಅರ್ಧ. ಯಾವ ಊರಿನಲ್ಲಿ ಎಷ್ಟರವರೆಗಿನ ಸರಕು ದೊರೆಯುವುದೆಂಬುದಕ್ಕೂ ಲೆಕ್ಕವಿತ್ತು: ಹಳ್ಳಿಯಲ್ಲಿ 200, ಮಹಾನಗರದಲ್ಲಿ 1,00,000. ಕತ್ತಿಗೆ ಮಂತ್ರ ತುಂಬುವ ಮಾಂತ್ರಿಕನು ಬೆಲೆಯ ಅರ್ಧದಷ್ಟು ಸಾಮಗ್ರಿಯನ್ನಲ್ಲದೆ ಇಪ್ಪತ್ತೈದರಲ್ಲೊಂದು ಪಾಲು ತನ್ನ ಅನುಭವದ ಅಂಕಗಳನ್ನೂ ತೆರಬೇಕೆಂಬುದು ಇನ್ನೊಂದು ನಿಯಮ. ಕೃತಿಯಲ್ಲಿ ಕರ್ತೃವಿನ ಜೀವದ ಒಂದು ಚೂರು ಉಳಿಯುವುದೆಂಬ ಮಾತನ್ನು ಅಂಕಗಣಿತದಲ್ಲಿ ಬರೆದಂತಿದೆ.

ಪರಿಣಾಮವೇನಾಯಿತು? ಒಂದು ನಿದರ್ಶನ ಸಾಕು. ಸಣ್ಣ ಗಾಯಗಳನ್ನು ಮಾಯಿಸುವ ಔಷಧದ ಒಂದು ಗುಟುಕಿಗೆ 50 ಹೊನ್ನು. ಅದೇ ಗುಣವನ್ನು ಐವತ್ತು ಸಲ ಕೊಡುವ ಮಂತ್ರದ ಕೋಲಿಗೆ 750 ಹೊನ್ನು. ಎಂದರೆ ಸಲಕ್ಕೆ 15. ವೀರರು ಕೂಡಲೇ ವರ್ತಕರಾದರು. ಎಲ್ಲರೂ ಚಂದಾ ಹಾಕಿ ಕೋಲನ್ನು ಕೊಂಡರು; ಯುದ್ಧ ಮುಗಿದೊಡನೆ ಅದನ್ನು ತೆಗೆದು ಗಾಯಕ್ಕೊಂದರಂತೆ ಖರ್ಚು ಮಾಡಿದರು. ಪವಾಡವೆಂಬುದು ಮನೆಯ ಟಿಂಕ್ಚರ್ ಸೀಸೆಯಾಯಿತು.

ಇಷ್ಟು ಹೇಳಿ ನಿಲ್ಲಿಸಿದರೆ ದರಪಟ್ಟಿಗೆ ಅನ್ಯಾಯ ಮಾಡಿದಂತಾದೀತು. ಬೆಲೆಯಿಲ್ಲದ ಕಡೆ ಎಲ್ಲವೂ ಸೂತ್ರಧಾರನ ಕೃಪೆ. ಅವನು ಮೆಚ್ಚಿದವನಿಗೆ ಕತ್ತಿ, ಮೆಚ್ಚದವನಿಗೆ ಬರಿಗೈ. ಅಚ್ಚಾದ ಬೆಲೆ ಆಟಗಾರನ ಹಕ್ಕಾಯಿತು. ತಾನು ಗಳಿಸಿದ ಹೊನ್ನಿನಿಂದ ತನಗೆ ಬೇಕಾದುದನ್ನು ಪಡೆಯಲು ಅವನು ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ದೊರೆಯ ಕಾಣಿಕೆಯಲ್ಲಿ ವೈಭವವಿದೆ, ಪೇಟೆಯಲ್ಲಿ ಅದಿಲ್ಲ. ಆದರೆ ಪೇಟೆಯಲ್ಲಿ ಕೈಚಾಚಿ ನಿಲ್ಲಬೇಕಾಗಿಲ್ಲ. ವಾದ ಐವತ್ತು ವರ್ಷ ಬಾಳಿದ್ದು ಎರಡು ಕಡೆಯಲ್ಲೂ ನ್ಯಾಯವಿರುವುದರಿಂದಲೇ.

ಮುಂದಿನದೆಲ್ಲ ಉಯ್ಯಾಲೆಯ ತೂಗಾಟ. 2008ರ ಆವೃತ್ತಿಯಲ್ಲಿ ಕೊಳ್ಳುವುದು ಸುಲಭ, ಮಾರಿದರೆ ಮಾತ್ರ ಐದರಲ್ಲೊಂದು ಪಾಲು. 2014ರಲ್ಲಿ ನಿಶ್ಚಿತ ಬೆಲೆ ಹೋಗಿ, ವಸ್ತು ಎಷ್ಟು ಅಪರೂಪವೆಂಬ ವರ್ಗೀಕರಣ ಬಂತು. ವಿರಳವಾದುದಕ್ಕೆ 501ರಿಂದ 5000ದವರೆಗೆ ಎಷ್ಟಾದರೂ ಆಗಬಹುದು. ಹೊನ್ನಿಗೆ ಉಪಯೋಗವಿಲ್ಲವೆಂದು ಆಟಗಾರರು ಮತ್ತೆ ಗೊಣಗಿದರು. 2024ರ ಕೈಪಿಡಿಯಲ್ಲಿ ನಿಶ್ಚಿತ ಬೆಲೆ ತಿರುಗಿ ಬಂದಿದೆ: ವಿರಳಕ್ಕೆ 4000, ಐತಿಹ್ಯದಲ್ಲಿ ಮಾತ್ರ ಕೇಳಬರುವಂಥದಕ್ಕೆ 2,00,000.

ನನ್ನ ಅಭಿಪ್ರಾಯವನ್ನು ಹೇಳಬೇಕೆಂದರೆ, ಅದ್ಭುತವನ್ನು ಕೊಲ್ಲುವುದು ಬೆಲೆಯಲ್ಲ. ಸ್ಟೀವನ್‌ಸನ್ನನ ಸೀಸೆಗೆ ಬೆಲೆಯಿತ್ತು. ಬೆಲೆಯಿದ್ದುದರಿಂದಲೇ ಅದು ಭಯಂಕರವಾಯಿತು. ಅಲ್ಲಿ ಕೊಳ್ಳುವವನಿಗೂ ಮಾರುವವನಿಗೂ ಕೈ ನಡುಗುತ್ತದೆ. ಕೈ ನಡುಗದೆ ಕೊಳ್ಳಬಹುದಾದ ದಿನ ಮಂತ್ರದ ಕತ್ತಿ ಬರಿಯ ಕಬ್ಬಿಣ. ಆದ್ದರಿಂದ ಅಂಗಡಿ ಇರಲಿ, ಬೆಲೆಯೂ ಇರಲಿ. ಆದರೆ ಕತ್ತಿ ಯಾರದು, ಅದನ್ನು ಏಕೆ ಮಾರಿದರು ಎಂಬ ಕಥೆಯನ್ನು ಹೇಳದೆ ಅಂಗಡಿಯವನು ಅದನ್ನು ಕೊಡದಿರಲಿ. ಅಷ್ಟನ್ನು ಯಾವ ದರಪಟ್ಟಿಯೂ ಮಾಡಲಾರದು. ಅದು ಮೇಜಿನ ಸುತ್ತ ಕುಳಿತವರ ಕೆಲಸ.