ಹಾಜರಿ ಸಂಖ್ಯೆ, ದಾಖಲಾತಿ ಸಂಖ್ಯೆ

ನಿಮ್ಮ ತರಗತಿಯ ಹಾಜರಿ ಪುಸ್ತಕವನ್ನು ನೆನಪಿಸಿಕೊಳ್ಳಿ. ಹೆಸರುಗಳು ಅಕ್ಷರಾನುಕ್ರಮದಲ್ಲಿವೆ. ವರ್ಷದ ನಡುವೆ ಅನಂತ ಎಂಬ ಹುಡುಗ ಸೇರಿದ. ಅವನ ಹೆಸರು ಮೇಲ್ಗಡೆಯೇ ಬಂತು. ಈಗ ಅವನ ಕೆಳಗಿನವರೆಲ್ಲರ ಸಂಖ್ಯೆಯೂ ಒಂದೊಂದು ಹೆಚ್ಚಬೇಕು. ಅಂಕಪಟ್ಟಿ ಮಾತ್ರ ಹಳೆಯ ಸಂಖ್ಯೆಯಲ್ಲೇ ಉಳಿದರೆ ನಿಮ್ಮ ಅಂಕ ಪಕ್ಕದವನ ಪಾಲು! ಆದರೆ ಶಾಲೆಗೆ ಸೇರಿದ ದಿನ ಕೊಟ್ಟ ದಾಖಲಾತಿ ಸಂಖ್ಯೆ ಹೀಗೆ ಅಲುಗುವುದಿಲ್ಲ. ವರ್ಗಾವಣೆ ಪತ್ರ ಪಡೆಯುವವರೆಗೂ ಅದು ನಿಮ್ಮದೇ. ಮೊದಲನೆಯದು ನೀವು ಎಲ್ಲಿದ್ದೀರಿ ಎಂಬುದನ್ನು ಹೇಳಿದರೆ, ಎರಡನೆಯದು ನೀವು ಯಾರು ಎಂಬುದನ್ನು ಹೇಳುತ್ತದೆ. ಕಂಪ್ಯೂಟರ್ ಭಾಷೆಗಳ ಇತಿಹಾಸದಲ್ಲಿ ಈ ಎರಡನ್ನೂ ಬಿಡಿಸಿ ನೋಡಲು ಹಲವು ದಶಕಗಳೇ ಹಿಡಿದವು.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಡ್ಸ್ಯಾಕ್ ಎಂಬ ಯಂತ್ರ 1949ರ ಮೇ 6ರಂದು ಮೊದಲ ಲೆಕ್ಕ ಮಾಡಿತು. ಅದಕ್ಕೆ ಆದೇಶಗಳನ್ನು ರಂಧ್ರ ಕೊರೆದ ಕಾಗದದ ಪಟ್ಟಿಯ ಮೂಲಕ ಕೊಡುತ್ತಿದ್ದರು. ಪ್ರತಿ ಆದೇಶವೂ ಸ್ಮೃತಿಯ ಒಂದು ಕೋಣೆಯಲ್ಲಿ ಕೂರುತ್ತಿತ್ತು. ‘60ನೆಯ ಕೋಣೆಗೆ ಹೋಗು’ ಎಂದು ಕೋಣೆಯ ಸಂಖ್ಯೆಯಿಂದಲೇ ಅದನ್ನು ಕರೆಯಬೇಕಿತ್ತು. ನಡುವೆ ಒಂದೇ ಒಂದು ಆದೇಶ ಸೇರಿಸಿದರೂ ಸಾಕು, ಮುಂದಿನವೆಲ್ಲ ಸರಿದು, 60ರಲ್ಲಿ ಬೇರೇನೋ ಕುಳಿತಿರುತ್ತಿತ್ತು. ಯಂತ್ರಕ್ಕೆ ಅದು ತಪ್ಪೆಂದು ತಿಳಿಯುವುದಿಲ್ಲ; ಅಲ್ಲಿಗೆ ಹೋಗಿ ಸಿಕ್ಕಿದ್ದನ್ನು ಮಾಡುತ್ತದೆ. ಎಡ್ಸ್ಯಾಕ್ ನಿರ್ಮಾಣದ ಮುಂದಾಳು ಮಾರಿಸ್ ವಿಲ್ಕ್ಸ್ 1953ರಲ್ಲಿ ‘ತೇಲುವ ವಿಳಾಸ’ದ ಪದ್ಧತಿಯನ್ನು ವಿವರಿಸಿದರು. ಆದೇಶಕ್ಕೆ ನೀವೊಂದು ಗುರುತು ಕೊಡಿ, ಅದು ಯಾವ ಕೋಣೆಗೆ ಬರುತ್ತದೆಂದು ಯಂತ್ರವೇ ಲೆಕ್ಕ ಹಾಕಲಿ ಎಂಬುದು ಅದರ ಸಾರ.

ಮುಂದೆ ಕಂಪೈಲರ್‌ಗಳು ಬಂದವು. ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಈ ಅನುವಾದಕ, ಮೊದಲು ತನಗಾಗಿ ಒಂದು ನಡುವಣ ರೂಪವನ್ನು ಕಟ್ಟಿಕೊಳ್ಳುತ್ತದೆ. ಕೊಂಬೆ ಕವಲೊಡೆದ ಮರದಂಥ ಈ ರೂಪದಲ್ಲಿ ಪ್ರತಿ ಗೆಣ್ಣೂ ಒಂದು ನೋಡ್. ಯಾವ ನೋಡ್ ಯಾವುದು ಎಂದು ಹೇಳುವುದು ಹೇಗೆ? ಸೋವಿಯತ್ ವಿಜ್ಞಾನಿ ಆಂದ್ರೇ ಎರ್ಷೋವ್ 1958ರ ಲೇಖನವೊಂದರಲ್ಲಿ, ಒಂದೇ ಲೆಕ್ಕ ಎರಡು ಕಡೆ ಬಂದರೆ ಅದನ್ನು ಗುರುತಿಸಿ ಒಮ್ಮೆ ಮಾತ್ರ ಮಾಡುವ ದಾರಿ ತೋರಿಸಿದರು. ಅಲ್ಲಿ ಗುರುತಾಗಿದ್ದು ಸ್ಥಾನವಲ್ಲ, ಒಳಗಿನ ತಿರುಳು. 1980ರ ದಶಕದ ಕೊನೆಗೆ ಐಬಿಎಂ ಸಂಶೋಧಕರು ಪ್ರತಿ ಹೊಸ ಬೆಲೆಗೂ ಅದರದೇ ಹೆಸರು ಕೊಡುವ ಪದ್ಧತಿ ತಂದರು; ಅದೇ ದೊಡ್ಡ ಕಥೆ, ಇಲ್ಲಿ ಬೇಡ.

ಇಷ್ಟೆಲ್ಲ ಆದರೂ ಹಾಜರಿ ಪುಸ್ತಕದ ತೊಂದರೆ ರಸ್ಟ್ ಎಂಬ ಭಾಷೆಯ ಕಂಪೈಲರಿನಲ್ಲಿ ಮತ್ತೆ ಎದುರಾಯಿತು. ಅದು ಇಡೀ ಪ್ರೋಗ್ರಾಮಿನ ನೋಡ್‌ಗಳಿಗೆ ಒಂದರ ನಂತರ ಒಂದು ಸಂಖ್ಯೆ ಕೊಡುತ್ತಿತ್ತು. ಬದಲಾದ ಭಾಗವನ್ನಷ್ಟೇ ಮತ್ತೆ ಅನುವಾದಿಸಿ ಸಮಯ ಉಳಿಸಬೇಕೆಂದು ಹೊರಟಾಗ ಪೇಚಾಟ ಶುರುವಾಯಿತು. ಮೇಲೆ ಒಂದು ಸಾಲು ಸೇರಿಸಿದರೆ ಕೆಳಗಿನ ಸಂಖ್ಯೆಗಳೆಲ್ಲ ಬದಲು. ಅಂದರೆ ಕಂಪೈಲರ್ ಕಣ್ಣಿಗೆ ಎಲ್ಲವೂ ಹೊಸದು!

ಪರಿಹಾರವಾಗಿ ಗುರುತನ್ನು ಎರಡು ಭಾಗ ಮಾಡಿದರು. ನೋಡ್ ಯಾವ ಫಂಕ್ಷನ್ ಅಥವಾ ಅಂಥ ಘಟಕಕ್ಕೆ ಸೇರಿದ್ದು ಎಂಬುದು ಒಂದು. ಆ ಘಟಕದೊಳಗೆ ಅದು ಎಷ್ಟನೆಯದು ಎಂಬುದು ಇನ್ನೊಂದು. ಹಳ್ಳಿಯ ಹೆಸರು, ಆಮೇಲೆ ಮನೆ ಸಂಖ್ಯೆ ಇದ್ದಂತೆ. ಒಂದು ಹಳ್ಳಿಯಲ್ಲಿ ಮನೆ ಎದ್ದರೆ ಪಕ್ಕದ ಹಳ್ಳಿಯ ಸಂಖ್ಯೆಗಳು ಕದಲವು. ಇಂದಿನ ಅನುವಾದ ಮತ್ತು ನಾಳೆಯ ಅನುವಾದಗಳ ನಡುವೆ ಘಟಕವನ್ನು ಗುರುತಿಸಲು ಅದರ ಪೂರ್ಣ ಹೆಸರಿನ ದಾರಿಯಿಂದ 128 ಬಿಟ್‌ಗಳ ಒಂದು ಸಂಖ್ಯೆಯನ್ನು ತಯಾರಿಸುತ್ತಾರೆ. 2018ರ ಫೆಬ್ರವರಿಯ 1.24ನೆಯ ಆವೃತ್ತಿಯಿಂದ ಬದಲಾದಷ್ಟನ್ನೇ ಅನುವಾದಿಸುವ ಈ ಸೌಲಭ್ಯ, ದಿನನಿತ್ಯದ ಅಭಿವೃದ್ಧಿ ಕೆಲಸಕ್ಕೆ ತಾನಾಗಿಯೇ ದೊರೆಯತೊಡಗಿತು.

ಈ ಉಪಾಯಕ್ಕೂ ಒಂದು ಮಿತಿಯಿದೆ. ಫಂಕ್ಷನ್ನಿನ ಹೆಸರು ಬದಲಿಸಿ ನೋಡಿ: ಒಳಗೆ ಒಂದಕ್ಷರ ಬದಲಾಗದಿದ್ದರೂ ಕಂಪೈಲರ್ ಅದನ್ನು ಹಳೆಯದೆಂದು ಗುರುತಿಸುವುದಿಲ್ಲ, ಹೊಸದಾಗಿ ಸೇರಿದ ವಿದ್ಯಾರ್ಥಿ ಎಂದೇ ಬರೆದುಕೊಳ್ಳುತ್ತದೆ.