ಪುರುಷರ ಸುಗಂಧದ್ರವ್ಯ: ಕೊಪ್ಪಳ ಸೀಮೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಗಂಡಸರ ಸುಗಂಧ ಮೂರು ರೂಪ ತಾಳಿದೆ: ತೇಯ್ದ ಗಂಧ, ಎಣ್ಣೆಯ ಅತ್ತರು, ಆಲ್ಕೋಹಾಲಿನ ಕಲೋನ್. ಒಂದು ಬಂದಾಗ ಇನ್ನೊಂದು ಮರೆಯಾಗಲಿಲ್ಲ.

ಕಲ್ಯಾಣ ಚಾಲುಕ್ಯರ ಕಾಲಕ್ಕೆ ಸುಗಂಧ ತಯಾರಿಕೆ ಶಾಸ್ತ್ರವೆನಿಸಿತ್ತು. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ ಅಂತರ್ಜಲ ಶೋಧ, ಅಡುಗೆ, ಪಶುವೈದ್ಯಗಳ ಸಾಲಿನಲ್ಲೇ ಅದನ್ನೂ ಇಟ್ಟಿದೆ. 1112ರಲ್ಲಿ ಇದೇ ಸೀಮೆಯ ಇಟಗಿಯಲ್ಲಿ ಮಹಾದೇವ ದೇವಾಲಯ ಎದ್ದು ಎರಡು ದಶಕ ಕಳೆಯುವ ಹೊತ್ತಿಗೆ ಚಾಲುಕ್ಯ ಅರಸ ಮುಮ್ಮಡಿ ಸೋಮೇಶ್ವರನ ‘ಮಾನಸೋಲ್ಲಾಸ’ ಬಂತು. ನೂರು ಅಧ್ಯಾಯಗಳ ಈ ಸಂಸ್ಕೃತ ಗ್ರಂಥಕ್ಕೆ ಲೇಪನ, ಧೂಪ, ತಾಂಬೂಲಗಳು ಅರಸನ ಉಪಭೋಗಗಳು. ಲೇಪನವು ಋತುವಿಗೆ ತಕ್ಕಂತೆ ಬದಲಾಗುತ್ತದೆ. ಶ್ರೀಗಂಧ, ಕರ್ಪೂರ ತಂಪು. ಕಸ್ತೂರಿ, ಕೇಸರಿ ಉಷ್ಣ ಎಂಬುದು ಅಂದಿನ ವೈದ್ಯರ ಎಣಿಕೆ. ಬೇಸಿಗೆಗೊಂದು, ಚಳಿಗಾಲಕ್ಕೊಂದು ಬಾಟಲಿ ಮಾರುವ ಇಂದಿನ ಕಂಪನಿಗಳು ಹೊಸದೇನನ್ನೂ ಕಂಡುಹಿಡಿದಿಲ್ಲ.

1443ರಲ್ಲಿ ಈ ಸೀಮೆಯ ಆನೆಗೊಂದಿಯ ಎದುರು ದಂಡೆಯ ವಿಜಯನಗರಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕ್, ಅಲ್ಲಿನವರಿಗೆ ಗುಲಾಬಿ ಅನ್ನದಷ್ಟೇ ಅಗತ್ಯವೆಂದು ಬರೆದ. ಅಲ್ಲಿನ ಅರಸ ಇಮ್ಮಡಿ ದೇವರಾಯ ಅವನಿಗೆ ವೀಳ್ಯದ ಜೊತೆ ಕರ್ಪೂರವನ್ನೂ ಕೊಡಿಸುತ್ತಿದ್ದ.

ಈ ಸೀಮೆ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೊಪ್ಪಳವಂತೂ ಅಲ್ಲಿನ ದಿವಾನರಾಗಿದ್ದ ಸಾಲಾರ್ ಜಂಗರ ಜಹಗೀರು. ಆ ಸಂಸ್ಥಾನದ ಮೆಚ್ಚಿನ ಸುಗಂಧ ಅತ್ತರು. ಹೂವನ್ನು ನೀರಿನಲ್ಲಿ ಕುದಿಸಿ, ಹಬೆಯನ್ನು ಶ್ರೀಗಂಧದೆಣ್ಣೆಯಿದ್ದ ಪಾತ್ರೆಗೆ ಹಾಯಿಸಿ ಇಳಿಸುವುದು ಅದರ ಹಳೆಯ ವಿಧಾನ. ಎಣ್ಣೆ ಬೇಗ ಆರದ ಕಾರಣ ಮುಂಗೈಗೆ ಎಳೆದ ಒಂದು ಗೆರೆ ಸಾಕು. ಅತ್ತರು ಅದ್ದಿದ ಅರಳೆಯನ್ನು ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುವುದೂ ಉಂಟು.

ಕಲೋನ್ ಹುಟ್ಟಿದ್ದು ಜರ್ಮನಿಯ ಕಲೋನ್ ಪಟ್ಟಣದಲ್ಲಿ. ಅಲ್ಲಿ 1709ರಲ್ಲಿ ಶುರುವಾದ ಫರೀನಾ ಮನೆತನದ ವ್ಯಾಪಾರ, ನಿಂಬೆ ಜಾತಿಯ ಹಣ್ಣುಗಳ ತೈಲವನ್ನು ಆಲ್ಕೋಹಾಲಿನಲ್ಲಿ ಕರಗಿಸಿದ ದ್ರವಕ್ಕೆ ಊರಿನ ಹೆಸರನ್ನೇ ಅಂಟಿಸಿತು. ಆಲ್ಕೋಹಾಲು ಹಾರುವಾಗ ಮೈಗೆ ತಂಪು. ಪರಿಮಳವೂ ಅದರೊಂದಿಗೇ ಹಾರುತ್ತದೆ. ಈ ಸೀಮೆಯ ಬಿಸಿಲಿಗೆ ಇದು ಸುಖವೂ ಹೌದು, ದುಬಾರಿಯೂ ಹೌದು. ಮೊದಲಿಗೆ ಅದನ್ನು ಗಂಡಸರು ಹೆಂಗಸರು ಇಬ್ಬರೂ ಹಚ್ಚುತ್ತಿದ್ದರು. ‘ಗಂಡಸರದ್ದು’ ಎಂಬ ಚೀಟಿ ಬಲವಾದದ್ದು ಇಪ್ಪತ್ತನೆಯ ಶತಮಾನದಲ್ಲಿ: ಅಮೆರಿಕದ ಓಲ್ಡ್ ಸ್ಪೈಸ್ ಕೂಡ 1937ರಲ್ಲಿ ಹೆಂಗಸರಿಗೆಂದೇ ಬಂದು, ಮರುವರ್ಷ ಗಂಡಸರ ಪಾಲಾಯಿತು.

ಮೈಸೂರು ಸಂಸ್ಥಾನ 1916ರಲ್ಲಿ ಶ್ರೀಗಂಧದೆಣ್ಣೆ ತೆಗೆಯತೊಡಗಿದ ಮೇಲೆ ಆ ಎಣ್ಣೆಗೆ ಹೊರನಾಡುಗಳ ಬೇಡಿಕೆ ಹೆಚ್ಚಿತು. ಮರ ವಿರಳವಾಗಿ ಬೆಲೆ ಏರಿದ್ದರಿಂದ, ಅಗ್ಗದ ಅತ್ತರಿಗೆ ಈಗ ಪ್ಯಾರಾಫಿನ್ ಎಣ್ಣೆಯೂ ಆಧಾರ. ಆದರೂ ಆಲ್ಕೋಹಾಲು ಬೇಡವೆನ್ನುವ ನಮಾಜಿಗಳಿಗೆ ಅತ್ತರೇ ಬೇಕು.